ಚಳಿಗಾಲದ ಜಲ್ಲಿ ರಸ್ತೆ ಸವಾರಿಗೆ ಗಂಡಸರು ಕಾಲಿಗೆ ಏನು ತೊಡಬೇಕು?

ಹುಲ್ಲುಗಾವಲು:

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ಕನ್ಸಾಸ್ ರಾಜ್ಯದ ಮ್ಯಾನ್‌ಹ್ಯಾಟನ್ ಊರಿನಲ್ಲಿ. ಊರಿನ ಅಂಚು ದಾಟಿದರೆ ಫ್ಲಿಂಟ್ ಹಿಲ್ಸ್‌ನ ಹುಲ್ಲುಗಾವಲು, ಅದರ ನಡುವೆ ಮೈಲುಗಟ್ಟಲೆ ಜಲ್ಲಿ ರಸ್ತೆ. ಗ್ರಾವೆಲ್ ಸೈಕಲ್ (ಜಲ್ಲಿ ರಸ್ತೆಗೆಂದೇ ಮಾಡಿದ ಸೈಕಲ್) ಇಟ್ಟುಕೊಂಡವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಆದರೆ ಡಿಸೆಂಬರ್ ಬಂತೆಂದರೆ, ಬೆಳಗ್ಗೆ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿರುವಾಗ ಹೊರಟು ಮಧ್ಯಾಹ್ನ ಏಳೆಂಟು ಡಿಗ್ರಿಯಲ್ಲಿ ಮನೆ ಸೇರುವಂತಾಗುತ್ತದೆ, ಮತ್ತು ಗಾಳಿಯನ್ನು ತಡೆಯಲು ದಾರಿಯಲ್ಲಿ ಮರಗಳೇ ಅಪರೂಪ. ಮಾರ್ಚ್‌ನಲ್ಲಿ ಒಕ್ಲಹೋಮಾದ ಸ್ಟಿಲ್‌ವಾಟರ್‌ನಲ್ಲಿ ನಡೆಯುವ ಮಿಡ್ ಸೌತ್ ಎಂಬ ಜಲ್ಲಿ ರಸ್ತೆಯ ಸೈಕಲ್ ಸ್ಪರ್ಧೆಯ 100 ಮೈಲಿ ಸವಾರಿಗೆ ಹೆಸರು ಕೊಡುವ ಯೋಚನೆಯಿರುವುದರಿಂದ, ಚಳಿಗಾಲವಿಡೀ ಸೈಕಲ್ಲನ್ನು ಗೋಡೆಗೆ ಒರಗಿಸಿಡುವಂತಿಲ್ಲ.

ಸದ್ಯಕ್ಕೆ ಬೇಸಿಗೆಯ ಬಿಬ್ ಶಾರ್ಟ್ಸ್ (ಭುಜಕ್ಕೆ ಪಟ್ಟಿಯಿರುವ ಸೈಕಲ್ ಚಡ್ಡಿ) ಮೇಲೆ ಓಟಗಾರರ ತೆಳು ಟೈಟ್ಸ್ ಹಾಕಿಕೊಳ್ಳುತ್ತಿದ್ದೇನೆ. ಮುಂದಕ್ಕೆ ಬಾಗಿದಾಗ ಅದು ಸೊಂಟದಿಂದ ಜಾರುತ್ತದೆ, ಮಂಡಿಯ ಹಿಂದೆ ಸುಕ್ಕುಗಟ್ಟಿ ಉಜ್ಜುತ್ತದೆ, ತೊಡೆಯ ಮುಂಭಾಗ ಗಂಟೆಯೊಳಗೆ ಮರಗಟ್ಟುತ್ತದೆ. ಅಂಗಡಿಗೆ ಹೋದರೆ ಕೂರುವ ಜಾಗದಲ್ಲಿ ಮೆತ್ತೆ, ಅಂದರೆ ಪ್ಯಾಡ್ ಇರುವ ಬಿಬ್ ಟೈಟ್ಸ್, ಪ್ಯಾಡ್ ಇಲ್ಲದ ಬಿಬ್ ಟೈಟ್ಸ್, ಲೆಗ್ ವಾರ್ಮರ್ (ಕಾಲಿಗಷ್ಟೇ ಬೇರೆಯಾಗಿ ತೊಡುವ ಬೆಚ್ಚನೆಯ ಕೊಳವೆಯಂಥ ಬಟ್ಟೆ), ಗಾಳಿ ತಡೆಯುವ ಪ್ಯಾಂಟು ಎಂದು ಸಾಲಾಗಿ ತೂಗುಹಾಕಿದ್ದಾರೆ. ಎಲ್ಲವನ್ನೂ ಕೊಳ್ಳುವ ಶಕ್ತಿಯಿಲ್ಲ. ಯಾವುದರಿಂದ ಶುರು ಮಾಡುವುದು ಸರಿ?

ಎದುರುಗಾಳಿ:

ನಿಮ್ಮ ತೊಡೆ ಮರಗಟ್ಟುವುದಕ್ಕೆ ಬಟ್ಟೆ ತೆಳುವಾಗಿರುವುದಕ್ಕಿಂತ ಗಾಳಿ ಒಳನುಗ್ಗುವುದೇ ದೊಡ್ಡ ಕಾರಣ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 25 ಕಿ.ಮೀ. ವೇಗದ ಗಾಳಿ ಬಡಿದರೆ, ಅಮೆರಿಕದ ಹವಾಮಾನ ಇಲಾಖೆ ಬಳಸುವ ಲೆಕ್ಕದಂತೆ, ಬರಿಯ ಚರ್ಮಕ್ಕೆ ಅದು ಮೈನಸ್ 6 ಡಿಗ್ರಿಯಷ್ಟು ಚಳಿಯಾಗಿ ತಾಕುತ್ತದೆ. ಎಲೆ ಅಲುಗದ ದಿನದಲ್ಲೂ ಸೈಕಲ್ ತುಳಿಯುವವನು ಆ ಗಾಳಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಾನೆ. ಈ ಹೊಡೆತವೆಲ್ಲ ಬೀಳುವುದು ತೊಡೆಯ ಮುಂಭಾಗ, ಮಂಡಿ ಮತ್ತು ಅದರ ಕೆಳಗಿನ ಕಾಲಿನ ಮುಂಭಾಗದ ಮೇಲೆ. ಹಾಗಾಗಿ ಮುಂಭಾಗದಲ್ಲಿ ಗಾಳಿ ತಡೆಯುವ ಪದರವೂ ಹಿಂಭಾಗದಲ್ಲಿ ಒಳಮೈಯನ್ನು ಉಜ್ಜಿ ನವಿರು ಜುಂಗು ಎಬ್ಬಿಸಿದ, ಸೈಕಲ್ ಅಂಗಡಿಯವರು ‘ರೂಬೆ’ ಎಂದು ಕರೆಯುವ ಹಿಗ್ಗುವ ಬಟ್ಟೆಯೂ ಇರುವ ಟೈಟ್ಸ್ ಹುಡುಕಿ.

ಪೂರ್ತಿ ಗಾಳಿ ತಡೆಯುವ ಬಟ್ಟೆ ಇನ್ನೂ ಬೆಚ್ಚಗಿರುತ್ತದೆ ಎಂದು ಅಂಗಡಿಯವರು ಹೇಳಬಹುದು. ಟಾರು ರಸ್ತೆಯಲ್ಲಿ ಅದು ನಡೆದೀತು, ಜಲ್ಲಿಯಲ್ಲಿ ನಡೆಯುವುದಿಲ್ಲ. ಸಡಿಲ ಕಲ್ಲಿನ ಏರಿನಲ್ಲಿ ವೇಗ ಕಡಿಮೆ, ತುಳಿತದ ಬಲ ಹೆಚ್ಚು. ಆಗ ಸುರಿದ ಬೆವರು ಹೊರಹೋಗಲು ದಾರಿ ಸಿಗದಿದ್ದರೆ ಇಳಿಜಾರಿನಲ್ಲಿ ಅದೇ ಬೆವರು ಮೈಯನ್ನು ತಣ್ಣಗಾಗಿಸುತ್ತದೆ. ಹೊರಟ ಮೊದಲ ಹತ್ತು ನಿಮಿಷ ಸ್ವಲ್ಪ ಚಳಿಯೆನಿಸುವ ಉಡುಪೇ ಸರಿಯಾದ ಉಡುಪು.

ನನ್ನ ರೂಢಿ ಹೀಗಿದೆ: 15 ಡಿಗ್ರಿಗಿಂತ ಕೆಳಗಿಳಿದರೆ ಮಂಡಿ ಮುಚ್ಚುತ್ತೇನೆ, ಏಕೆಂದರೆ ಅಲ್ಲಿ ಎಲುಬು ಮತ್ತು ಸ್ನಾಯುರಜ್ಜುಗಳ ಮೇಲೆ ಚರ್ಮ ಬಿಟ್ಟರೆ ಹೆಚ್ಚೇನೂ ಇಲ್ಲ, ಹತ್ತಕ್ಕಿಂತ ಕೆಳಗೆ ರೂಬೆ ಬಟ್ಟೆಯ ಟೈಟ್ಸ್, ನಾಲ್ಕಕ್ಕಿಂತ ಕೆಳಗೆ ಗಾಳಿತಡೆಯ ಮುಂಭಾಗ. ಮೈಯಿಂದ ಮೈಗೆ ಇದು ಬದಲಾಗುತ್ತದೆ. ನಂದಿ ಬೆಟ್ಟದ ಡಿಸೆಂಬರ್ ಮುಂಜಾವಿಗೆ ಮಂಡಿಯನ್ನಷ್ಟೇ ಮುಚ್ಚುವ ನೀ ವಾರ್ಮರ್ ಸಾಕೆಂದು ಬೆಂಗಳೂರಿನ ಗೆಳೆಯರು ಹೇಳುವುದುಂಟು. ಆ ಮಾತನ್ನು ನಂಬಿ ಕನ್ಸಾಸ್‌ನಲ್ಲಿ ಹೊರಡಬೇಡಿ.

ಹಳೇಸ್ಯಾಡಲ್:

ಮೇಲಿನವರ ಮಾತನ್ನು ಒಪ್ಪುತ್ತೇನೆ. ಪ್ಯಾಡ್ ವಿಷಯವನ್ನು ಅವರು ಮುಟ್ಟಿಲ್ಲವಾದ್ದರಿಂದ ಅದನ್ನು ನಾನು ಹೇಳುತ್ತೇನೆ. ಖರ್ಚಿನ ಮಿತಿ ಇರುವವರು ಪ್ಯಾಡ್ ಇಲ್ಲದ ಬಿಬ್ ಟೈಟ್ಸ್ ಕೊಂಡು, ಈಗಾಗಲೇ ಮೈಗೆ ಒಗ್ಗಿರುವ ಶಾರ್ಟ್ಸ್ ಮೇಲೆ ತೊಡುವುದು ಲೇಸು. ಪ್ಯಾಡ್ ಚರ್ಮಕ್ಕೆ ತಾಗುವುದರಿಂದ ಶಾರ್ಟ್ಸನ್ನು ಪ್ರತಿ ಸವಾರಿಯ ನಂತರ ಒಗೆಯಲೇಬೇಕು, ಮೇಲಿನ ಟೈಟ್ಸಿಗೆ ಆ ಕಟ್ಟಳೆಯಿಲ್ಲ. ಹೀಗಾಗಿ ಒಂದೇ ಟೈಟ್ಸ್ ವಾರವಿಡೀ ಸಾಗುತ್ತದೆ. ಭುಜದ ಮೇಲೆ ಎರಡು ಜೊತೆ ಪಟ್ಟಿ ಬೀಳುವುದು ಮತ್ತು ಹೊಟ್ಟೆಯ ಬಳಿ ಬಟ್ಟೆ ದಪ್ಪವಾಗುವುದು ಇದರ ಕಿರಿಕಿರಿ. ಪ್ಯಾಡಿನ ಕೆಳಗೆ ಚಡ್ಡಿ ಹಾಕಬಾರದೆಂಬುದು ಚಳಿಗಾಲಕ್ಕೂ ಅನ್ವಯಿಸುತ್ತದೆ, ಎಷ್ಟೇ ಚಳಿಯಿದ್ದರೂ.

ಇನ್ನು ಮುಜುಗರ ಬಿಟ್ಟು ಹೇಳಬೇಕಾದ ಮಾತೊಂದಿದೆ. ಗಂಡಸರಿಗೆ ತೊಡೆಸಂದಿನ ಮುಂಭಾಗವೇ ಬಹಳ ಬೇಗ ತಣ್ಣಗಾಗುವ ಜಾಗ, ಮತ್ತು ಎಷ್ಟೋ ಟೈಟ್ಸ್‌ಗಳಲ್ಲಿ ಗಾಳಿತಡೆಯ ಪದರ ತೊಡೆಯ ಮೇಲ್ಭಾಗದಲ್ಲೇ ನಿಂತುಬಿಡುತ್ತದೆ. ಕೊಳ್ಳುವಾಗ ಒಳಗೆ ಕೈಹಾಕಿ, ಪದರ ಅಲ್ಲಿಯವರೆಗೆ ಬಂದಿದೆಯೇ ಎಂದು ಮುಟ್ಟಿ ನೋಡಿ. ಆ ಭಾಗ ಜೋಮು ಹಿಡಿಯುತ್ತಿದ್ದರೆ ಕಾರಣ ಚಳಿಯೋ ಒತ್ತಡವೋ ಎಂದು ಮೊದಲು ತಿಳಿದುಕೊಳ್ಳಬೇಕು: ಬೇಸಿಗೆಯಲ್ಲೂ ಜೋಮು ಬರುತ್ತಿದ್ದರೆ ಅದು ಬಹುಮಟ್ಟಿಗೆ ಸ್ಯಾಡಲ್‌ನ ಅಗಲ ಅಥವಾ ಮೂತಿಯ ವಾಲಿಕೆಯ ತೊಂದರೆ, ಬಟ್ಟೆ ಬದಲಿಸಿದರೆ ಹೋಗುವುದಿಲ್ಲ.

ಮೂತ್ರಕ್ಕೆ ನಿಲ್ಲುವ ಅನುಕೂಲವನ್ನೂ ನೋಡಿಕೊಳ್ಳಿ. ಹೊಟ್ಟೆಯ ಬಳಿ ತಗ್ಗಾಗಿ ಕತ್ತರಿಸಿದ, ಚೆನ್ನಾಗಿ ಹಿಗ್ಗುವ ಬಿಬ್ ಆದರೆ ಮುಂಭಾಗವನ್ನು ಕೆಳಗೆಳೆದರೆ ಸಾಕು. ಎದೆಯವರೆಗೆ ಏರಿದ ಬಿಬ್‌ಗೆ ಜಿಪ್ ಇಲ್ಲದಿದ್ದರೆ, ಮೈನಸ್ ಚಳಿಯಲ್ಲಿ ಜಾಕೆಟ್ಟು, ಜರ್ಸಿ ಎಲ್ಲ ಬಿಚ್ಚಿ ಪಟ್ಟಿ ಇಳಿಸಬೇಕಾಗುತ್ತದೆ.

ಕೆಂಪುಕೆಸರು:

ನಾನು ಸ್ವಲ್ಪ ಬೇರೆ ಹೇಳುತ್ತೇನೆ. ತರಬೇತಿಯ ದಿನಕ್ಕೂ ಮಿಡ್ ಸೌತ್‌ನ ದಿನಕ್ಕೂ ಒಂದೇ ಉಡುಪು ಹೊಂದುವುದಿಲ್ಲ. ಸ್ಟಿಲ್‌ವಾಟರ್‌ನ ಮಾರ್ಚ್ ಬೆಳಗ್ಗೆ ಸೊನ್ನೆಯ ಹತ್ತಿರವಿದ್ದು ಮಧ್ಯಾಹ್ನ ಇಪ್ಪತ್ತು ಡಿಗ್ರಿಗೆ ಏರಬಹುದು. ಅಂಥ ದಿನಕ್ಕೆ ಬೆಚ್ಚನೆಯ ಬಿಬ್ ಶಾರ್ಟ್ಸ್ ಮತ್ತು ಲೆಗ್ ವಾರ್ಮರ್ ಜೊತೆಯೇ ಸರಿ, ಏಕೆಂದರೆ ವಾರ್ಮರನ್ನು ಬಿಚ್ಚಿ ಜೇಬಿಗೆ ತುರುಕಬಹುದು, ಟೈಟ್ಸನ್ನು ಬಿಚ್ಚಲಾಗದು. ವಾರ್ಮರಿನ ಸಿಲಿಕೋನ್ ಪಟ್ಟಿ ಶಾರ್ಟ್ಸಿನ ಅಂಚಿನ ಒಳಗಿರಬೇಕು, ಹೊರಗಿದ್ದರೆ ಜಾರುತ್ತದೆ.

ಆದರೆ ಮಳೆ ಬಂದರೆ ಆ ಊರಿನ ಕೆಂಪು ಜೇಡಿಮಣ್ಣು ಚಕ್ರ ತಿರುಗದಂತೆ ಮೆತ್ತಿಕೊಂಡು, ಸೈಕಲ್ಲನ್ನು ಹೆಗಲಿಗೇರಿಸಿ ನಡೆಯುವ ಹಾಗಾಗುತ್ತದೆ. ಕೆಸರಿನ ಭಾರಕ್ಕೆ ವಾರ್ಮರ್ ಮಂಡಿಯಿಂದ ಕೆಳಗಿಳಿಯುತ್ತದೆ, ಟೈಟ್ಸ್ ಇಳಿಯುವುದಿಲ್ಲ. ಹಿಂದಿನ ದಿನದ ಮುನ್ಸೂಚನೆ ನೋಡಿ ಎರಡರಲ್ಲೊಂದನ್ನು ಆರಿಸಿಕೊಳ್ಳಿ. ನಿಮ್ಮ ಫ್ಲಿಂಟ್ ಹಿಲ್ಸ್‌ನಲ್ಲಿ ರಸ್ತೆಯ ಮೇಲೇ ತೊರೆ ಹರಿಯುವ ಕಡೆಗಳಿವೆಯಲ್ಲ, ಅಲ್ಲಿಗೆ ಟೈಟ್ಸಿನ ಅಂಚನ್ನು ಶೂ ಕವರಿನ ಮೇಲೆ ಎಳೆದುಕೊಂಡರೆ ಕಾಲಿನ ಮೇಲಿಂದ ಇಳಿಯುವ ನೀರು ಶೂ ಒಳಗೆ ಹೋಗುವುದಿಲ್ಲ.

ನೀರು ಜಾರಿಸುವ ಲೇಪನದ ಬಗ್ಗೆ ಒಂದು ಮಾತು. ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್ ರಾಜ್ಯಗಳು 2025ರಿಂದ ಹೊಸ ಉಡುಪುಗಳಲ್ಲಿ, ನೀರು ಮತ್ತು ಎಣ್ಣೆ ಎರಡನ್ನೂ ಜಾರಿಸುವ ಪಿಎಫ್‌ಎಎಸ್ ರಾಸಾಯನಿಕಗಳನ್ನು ನಿರ್ಬಂಧಿಸಿದ ಮೇಲೆ ಕಂಪನಿಗಳು ಬೇರೆ ಲೇಪನಗಳಿಗೆ ಬದಲಾಗಿವೆ. ಇವು ನೀರನ್ನು ತಡೆಯುತ್ತವೆ, ಎಣ್ಣೆಯನ್ನು ತಡೆಯುವುದಿಲ್ಲ. ಚೈನಿನ ಎಣ್ಣೆ ತಾಗಿದ ಬಲಗಾಲಿನ ಒಳಬದಿಯಲ್ಲಿ ಲೇಪನ ಬೇಗ ಸೋಲುತ್ತದೆ. ಆಗಾಗ ಒಗೆಯಿರಿ, ಬಟ್ಟೆ ಮೆತ್ತಗಾಗಿಸುವ ದ್ರವ ಮಾತ್ರ ಹಾಕಬೇಡಿ.

ಹುಲ್ಲುಗಾವಲು:

ಎಲ್ಲರಿಗೂ ಧನ್ಯವಾದಗಳು. ಮುಂಭಾಗಕ್ಕೆ ಗಾಳಿತಡೆಯಿರುವ, ಪ್ಯಾಡ್ ಇಲ್ಲದ ಬಿಬ್ ಟೈಟ್ಸನ್ನು ಮೊದಲು ಕೊಳ್ಳುತ್ತೇನೆ, ಫೆಬ್ರವರಿಯಲ್ಲಿ ಲೆಗ್ ವಾರ್ಮರ್. ಶಾರ್ಟ್ಸ್ ಮೇಲೆ ತೊಡುವುದಾದ್ದರಿಂದ ಒಂದು ಅಳತೆ ದೊಡ್ಡದು ಬೇಕೇ?

ಹಳೇಸ್ಯಾಡಲ್:

ಬೇಡ. ಸಡಿಲವಾದರೆ ಮಂಡಿಯ ಹಿಂದೆ ಮತ್ತೆ ಅದೇ ಸುಕ್ಕು. ಅಂಗಡಿಗೆ ನಿಮ್ಮ ಶಾರ್ಟ್ಸ್ ಒಯ್ದು, ಅದರ ಮೇಲೆ ತೊಟ್ಟು, ಹ್ಯಾಂಡಲ್ ಹಿಡಿದಂತೆ ಬಾಗಿ ನೋಡಿ. ನೆಟ್ಟಗೆ ನಿಂತಾಗ ಪಟ್ಟಿ ಭುಜವನ್ನು ತುಸು ಎಳೆದು, ಬಾಗಿದಾಗ ಹಗುರವಾದರೆ ಅದೇ ಅಳತೆ. ಎರಡು ಅಳತೆಗಳ ನಡುವೆ ಬಿದ್ದರೆ ಕಾಲಿನ ಉದ್ದ ಸರಿಹೊಂದುವುದನ್ನು ತೆಗೆದುಕೊಳ್ಳಿ.