ಸ್ವಿಫ್ಟ್ ಬೆಲೆಗೆ ಸಾಹುಕಾರಿಕೆ

"ಕೂತುಬಿಟ್ಟಿದೆ ಕಣೋ," ಅಂದ ಸುಬ್ಬು, ಕಾಫಿ ಲೋಟವನ್ನೂ ಮುಟ್ಟದೆ.

"ಏನು, ನಿನ್ನ ಗಂಟಲಾ?" ನಾಣಿ ಪೇಪರಿನಿಂದ ತಲೆ ಎತ್ತಲಿಲ್ಲ.

"ಕಾರು! ದಿಲ್ಲಿಯಿಂದ ತರಿಸಿದ್ದೆನಲ್ಲ, ಆ ಸೆಕೆಂಡ್‌ಹ್ಯಾಂಡ್ ಜರ್ಮನ್ ಕಾರು. ರಾತ್ರಿ ನಿಲ್ಲಿಸಿದಾಗ ನೆಟ್ಟಗೇ ಇತ್ತು. ಬೆಳಿಗ್ಗೆ ನೋಡಿದರೆ ಮುಂದಿನ ಚಕ್ರ ಎರಡೂ ಮಡ್‌ಗಾರ್ಡ್ ಒಳಗೆ ಹೋಗಿವೆ. ಸ್ಟಾರ್ಟ್ ಮಾಡಿದೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪಗೆ ಬಂತು: 'ನಿಲ್ಲಿಸಿ, ಕಾರು ತೀರಾ ಕೆಳಗಿದೆ'."

"ಪರವಾಗಿಲ್ಲ, ಕಾರಿಗೆ ತನ್ನ ಸ್ಥಿತಿ ಗೊತ್ತಾಗಿದೆ. ಕೊಂಡವನಿಗೆ ಗೊತ್ತಾಗೋದು ಬಾಕಿ."

ಮಂಜ ಮೊಬೈಲಿನಿಂದ ಕಣ್ಣು ತೆಗೆಯದೆ ವಿವರಿಸಿದ: "ಏರ್ ಸಸ್ಪೆನ್ಷನ್ ಅಂಕಲ್. ಸ್ಪ್ರಿಂಗ್ ಬದಲಿಗೆ ರಬ್ಬರ್ ಚೀಲದಲ್ಲಿ ಗಾಳಿ. ವಯಸ್ಸಾದ ಮೇಲೆ ರಬ್ಬರ್ ಬಿರುಕು ಬಿಡುತ್ತೆ, ರಾತ್ರಿಯೆಲ್ಲ ಗಾಳಿ ಸೋರುತ್ತೆ. ಬೆಳಿಗ್ಗೆ ಕಂಪ್ರೆಸರ್ ತುಂಬಿಸಿ ಎಬ್ಬಿಸುತ್ತೆ. ಎಬ್ಬಿಸಿ ಎಬ್ಬಿಸಿ ಒಂದು ದಿನ ಅದೂ ಸುಟ್ಟುಹೋಗುತ್ತೆ."

"ಅಂದರೆ ಐವತ್ತು ಲಕ್ಷದ ಕಾರನ್ನು ಜರ್ಮನಿಯವರು ಬೆಲೂನಿನ ಮೇಲೆ ಕೂರಿಸಿದ್ದರು ಅನ್ನು."

"ನಾನು ಕೊಟ್ಟಿದ್ದು ಬರೀ ಆರೂವರೆ," ಅಂದ ಸುಬ್ಬು. "ಹೊಸ ಸ್ವಿಫ್ಟ್ ಬೆಲೆಗೆ!"

ನಾಣಿ ಪೇಪರು ಮಡಚಿದ. ಅವನು ಪೇಪರು ಮಡಚಿದರೆ ಅರ್ಧ ಗಂಟೆ ಬೇರೆಯವರಿಗೆ ಸರದಿ ಇಲ್ಲ.

"ಇದೇ, ಈ ರೀಲ್ಸಿನವರ ಮಾತೇ ನನಗೆ ಆಗಿಬರಲ್ಲ. ಕಪ್ಪು ಕನ್ನಡಕ ಹಾಕಿಕೊಂಡವನೊಬ್ಬ ಬಾನೆಟ್ ಮೇಲೆ ಕೈ ಊರಿ ನಿಂತು 'ಸ್ವಿಫ್ಟ್ ಬೆಲೆಗೆ ಜರ್ಮನ್ ಕಾರು' ಅಂತಾನೆ. ಸನ್‌ರೂಫ್ ತೆಗೆದು ತೋರಿಸ್ತಾನೆ, ಸೀಟಿನ ಚರ್ಮ ಸವರಿ ತೋರಿಸ್ತಾನೆ. ಕೈ ಊರಿದ ಬಾನೆಟ್ಟನ್ನ ಮಾತ್ರ ಎತ್ತಿ ತೋರಿಸಲ್ಲ. ಕಾರು ಐವತ್ತರಿಂದ ಆರೂವರೆಗೆ ಇಳಿದಿದೆ, ಒಪ್ಪಿದೆ. ಅದರ ಸಾಮಾನು ಇಳಿದಿದೆಯಾ? ಆ ಬೆಲೂನಿಗೆ ನೀನು ಆರೂವರೆಯವನು ಅಂತ ಗೊತ್ತೇ ಇಲ್ಲ. ಅದು ಇನ್ನೂ ಐವತ್ತರ ಯಜಮಾನನನ್ನೇ ಹುಡುಕ್ತಾ ಇದೆ."

"ಸ್ವಿಫ್ಟಿಗೆ ಎಂಜಿನ್ ಆಯಿಲ್ ಮೂರು ಚಿಲ್ಲರೆ ಲೀಟರು," ಅಂದರು ಶಾಮಣ್ಣ. "ನಿಂದಕ್ಕೆಷ್ಟಪ್ಪ?"

"ಎಂಟು. ಅದೂ ಪೂರ್ತಿ ಸಿಂಥೆಟಿಕ್."

"ಹಪ್ಪಳ ಕರಿಯೋಕೂ ನಮ್ಮನೇಲಿ ಅಷ್ಟು ಸುರಿಯಲ್ಲ."

"ಬ್ಯಾಟರಿ ಬದಲಾಯಿಸಿದರೂ ಕಂಪ್ಯೂಟರಿಗೆ ಹೇಳಬೇಕಂತೆ," ಸುಬ್ಬು ತಾನಾಗಿಯೇ ಹೇಳಿಕೊಂಡ, ಹಲ್ಲು ಕಿತ್ತಿಸಿಕೊಂಡವನ ಧ್ವನಿಯಲ್ಲಿ. "ಹೇಳದಿದ್ದರೆ ಹಳೇದೇ ಇದೆ ಅಂದುಕೊಂಡು ಹಳೇದರ ಲೆಕ್ಕದಲ್ಲೇ ಚಾರ್ಜ್ ಮಾಡುತ್ತಂತೆ."

ದಿಲ್ಲಿಯವರು ಯಾಕೆ ಮಾರಿದರು ಅನ್ನೋದನ್ನ ಶಾಮಣ್ಣ ಬಿಡಿಸಿ ಹೇಳಿದರು. ಆರ್‌ಟಿಓ ಕಚೇರಿಯಲ್ಲಿ ಸರ್ವೀಸು ಮುಗಿಸಿದವರು, ಬಿಡಿಸದೆ ಇರಲಾರರು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದಿಲ್ಲಿಯಲ್ಲಿ ಓಡಕೂಡದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಆಗೆಲ್ಲ ಹತ್ತು ತುಂಬುತ್ತೆ ಅನ್ನುವಾಗ ಅಲ್ಲಿಯವರು ಸಿಕ್ಕಿದ ಬೆಲೆಗೆ ಕೈ ತೊಳಕೋತಿದ್ದರು. ಎನ್‌ಓಸಿ, ಅಂದರೆ ನಿರಾಕ್ಷೇಪಣಾ ಪತ್ರ, ಹಿಡಿದು ಗಾಡಿ ದಕ್ಷಿಣಕ್ಕೆ ಹೊರಡ್ತಿತ್ತು.

"ಇಲ್ಲಿಗೆ ಬಂದಮೇಲೆ ಇದೆ ನಮ್ಮ ಕರ್ನಾಟಕದ ಉಪಚಾರ. 20 ಲಕ್ಷ ದಾಟಿದ ಕಾರಿಗೆ ಲೈಫ್ ಟ್ಯಾಕ್ಸು ಶೇಕಡಾ 18. ನೀನು ಕೊಟ್ಟ ಆರೂವರೆ ಮೇಲಲ್ಲಪ್ಪ, ಹೊಸದಾಗಿದ್ದಾಗಿನ ಬೆಲೆ ಮೇಲೆ. ವಯಸ್ಸಿಗೆ ತಕ್ಕಂತೆ ಒಂದಿಷ್ಟು ಕಳೀತಾರೆ ಅನ್ನು. ನಿಂದೆಷ್ಟಾಯ್ತು?"

ಸುಬ್ಬು ಅಡುಗೆಮನೆ ಕಡೆ ನೋಡಿದ. "ಮೆಲ್ಲಗೆ ಮಾತಾಡಿ ಶಾಮಣ್ಣ."

"ಮೂಗಿಗಿಂತ ಮೂಗುತಿ ಭಾರ," ಅಂತ ಒಳಗಿಂದಲೇ ಪದ್ದಕ್ಕ ಕೂಗಿದರು. ಹಂಚಿನ ಮೇಲೆ ದೋಸೆ ಇದ್ದರೂ ಕಿವಿ ನಡುಮನೆಯಲ್ಲೇ ಇತ್ತು. ಸೌಟು ಹಿಡಿದೇ ಆಚೆ ಬಂದರು. "ನೀವೇ ಹೇಳಿ ನಾಣಿ. ಹಿಂದಿನ ಸೀಟಿನಲ್ಲಿ ಕಿಟಕಿಗೆ ಪರದೆ, ಓದೋಕೆ ದೀಪ, ಕಾಲು ಚಾಚೋಕೆ ಜಾಗ. ಹಿಂದೆ ಕೂರುವವರಿಗೇ ಮಾಡಿದ ಕಾರು. ಕೂತೆ. ಇವರು ಮುಂದೆ ಬಿಳಿ ಷರ್ಟು ಹಾಕಿಕೊಂಡು ಓಡಿಸಿದರು. ಛತ್ರದ ಬಾಗಿಲಲ್ಲಿ ನನಗೆ ಪನ್ನೀರು ಹಾಕಿದರು. ಇವರಿಗೆ, 'ಡ್ರೈವರ್‌ಗಳ ಊಟ ಹಿಂದಗಡೆ ಷೆಡ್ಡಿನಲ್ಲಿ' ಅಂದರು."

"ಹೋದೆಯೇನೋ?"

"ಸಾರು ಚೆನ್ನಾಗಿತ್ತು," ಅಂದ ಸುಬ್ಬು.

ನಗು ಇಳಿಯೋಕೆ ಹೊತ್ತು ಹಿಡಿಯಿತು. ಅಷ್ಟರಲ್ಲಿ ಮಂಜ ಕಾರಿನ ಸರ್ವೀಸ್ ಪುಸ್ತಕ ತಿರುವಿ ಹಾಕ್ತಿದ್ದ. ಮೊದಲ ಮೂರು ವರ್ಷ ಪುಟಪುಟಕ್ಕೂ ದುಂಡನೆಯ ಸೀಲು, ನೀಲಿ ಸಹಿ. ಆಮೇಲಿನದೆಲ್ಲ ಖಾಲಿ. ನಾಣಿ ಪುಸ್ತಕ ಇಸಕೊಂಡು ಆ ಖಾಲಿ ಪುಟಗಳನ್ನೇ ಸ್ವಲ್ಪ ಹೊತ್ತು ನೋಡಿದ.

"ವಾರಂಟಿ ಮುಗೀತು, ವಿಚಾರಿಸೋರೂ ಮುಗಿದರು. ನಂದೂ ಹೀಗೇ ಆಯ್ತಲ್ಲೋ. ಬ್ಯಾಂಕಿನಲ್ಲಿ ಇರೋವರೆಗೆ ಜನವರಿ ಬಂದರೆ ಡೈರಿ, ಕ್ಯಾಲೆಂಡರು, ಸಿಹಿ ಡಬ್ಬ. ಈಗ ಕ್ಯಾಲೆಂಡರು ದುಡ್ಡು ಕೊಟ್ಟು ತರ್ತೀನಿ. ಯಾರೂ ಸೀಲು ಹೊಡೀತಿಲ್ಲ, ಗಾಳಿ ಮಾತ್ರ ಸೋರ್ತಾ ಇದೆ."

"ಇದಕ್ಕಾದರೂ ಶಿವಾಜಿನಗರದ ಗುಜರಿಯಲ್ಲಿ ಸ್ಪೇರ್ ಸಿಗುತ್ತೆ," ಅಂದ ಮಂಜ. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

"ನಮಗೂ ಸಿಗುತ್ತಪ್ಪ," ಶಾಮಣ್ಣ ಆಪರೇಷನ್ನಿನಲ್ಲಿ ಬದಲಾಯಿಸಿದ ಮಂಡಿ ತಟ್ಟಿ ತೋರಿಸಿದರು. "ಇದು ಇಂಪೋರ್ಟೆಡ್ಡು. ಇದರ ದುಡ್ಡಿಗೂ ಸ್ವಿಫ್ಟ್ ತರಬಹುದಿತ್ತು, ಸೆಕೆಂಡ್‌ಹ್ಯಾಂಡು."

"ಏರ್ ಚೀಲ ಕಿತ್ತುಹಾಕಿ ಮಾಮೂಲಿ ಸ್ಪ್ರಿಂಗ್ ಹಾಕಿಸಿಬಿಡೋ," ಅಂದ ನಾಣಿ.

"ಹಾಕಿಸಿದರೆ ಆ ತೇಲೋದು ಇರಲ್ಲ ಕಣೋ. ನೀನು ಒಂದು ಸಲ ಹಿಂದೆ ಕೂತು ನೋಡು. ಗುಂಡಿ ಬಂದಿದ್ದು ಹೋಗಿದ್ದು ಗೊತ್ತಾಗಲ್ಲ." ಸುಬ್ಬುವಿನ ಮುಖದಲ್ಲಿ ಟ್ಯಾಕ್ಸು, ಆಯಿಲು, ಷೆಡ್ಡಿನ ಊಟ ಯಾವುದೂ ಇರಲಿಲ್ಲ.

ಮಂಜ ಕೀಲಿ ತಗೊಂಡು ಹೋಗಿ ಸ್ಟಾರ್ಟ್ ಮಾಡಿದ. ಕಂಪ್ರೆಸರ್ ಗುಂಯ್‌ಗುಟ್ಟಿತು. "ಏಳ್ತಾ ಇದೆ ಅಂಕಲ್!"

"ಬೇಗ ಹತ್ತಿ," ಸುಬ್ಬು ಚಪ್ಪಲಿ ಮೆಟ್ಟಿದ. "ಮತ್ತೆ ಕೂರೋದ್ರೊಳಗೆ ಮೆಕ್ಯಾನಿಕ್ ಹತ್ತಿರ ಸೇರಬೇಕು."

ನಾಣಿ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತ. "ಡ್ರೈವರ್, ಏಸಿ ಹಾಕಪ್ಪ."

"ಏಸಿ ಗ್ಯಾಸ್ ಇಲ್ಲ. ಕಿಟಕಿ ಇಳಿಸ್ಕೋ."

"ಇಳಿಸಿದರೆ ಮತ್ತೆ ಏರುತ್ತಾ?"

"ಹಾಗಾದರೆ ಇಳಿಸಬೇಡ."