ಬೇಸಿಗೆ ರಜೆಯಲ್ಲಿ ಪುಟ್ಟ ಮಕ್ಕಳ ಕೈಯಿಂದ ಕಾಗದದ ಗೂಡುದೀಪ: ಯಾವ ಕಾಗದ, ಯಾವ ಬೆಳಕು?

ತಾರಸಿಮನೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ವಠಾರದಲ್ಲಿ ನಾಲ್ಕರಿಂದ ಏಳು ವರ್ಷದೊಳಗಿನ ಎಂಟು ಮಕ್ಕಳಿದ್ದಾರೆ. ಶಾಲೆಗೆ ರಜೆ ಬಂದಂದಿನಿಂದ ಮಧ್ಯಾಹ್ನದ ಬಿಸಿಲಿಗೆ ಅವರನ್ನು ಹೊರಗೆ ಬಿಡಲಾಗದೆ ಒಳಗೇ ಕೂರಿಸಿಕೊಳ್ಳುವುದು ದೊಡ್ಡವರಿಗೆಲ್ಲ ಒಂದು ಕೆಲಸವೇ ಆಗಿಬಿಟ್ಟಿದೆ. ಮುಂದಿನ ಶನಿವಾರ ರಾತ್ರಿ ಎಲ್ಲ ಮನೆಯವರೂ ತಾರಸಿಯ ಮೇಲೆ ಸೇರಿ ಊಟ ಮಾಡುವುದೆಂದು ಮಾತಾಗಿದ್ದು, ಆ ಹೊತ್ತಿಗೆ ಮಕ್ಕಳೇ ಮಾಡಿದ ಕಾಗದದ ಗೂಡುದೀಪಗಳನ್ನು ಸಾಲಾಗಿ ತೂಗುಹಾಕಬೇಕೆಂಬುದು ನನ್ನ ಆಸೆ. ದೀಪಾವಳಿಗೆ ಬಿದಿರು ಸೀಳಿ ಕಟ್ಟುವ ಆಕಾಶಬುಟ್ಟಿ ನನಗೆ ಗೊತ್ತಿದೆ; ಆದರೆ ಅದು ದೊಡ್ಡವರ ಕೈಕೆಲಸ, ಮಕ್ಕಳ ಪಾಲಿಗೆ ಉಳಿಯುವುದು ಅಂಟಿನ ಬಟ್ಟಲು ಹಿಡಿದು ಕೂರುವುದು ಮಾತ್ರ. ಕತ್ತರಿಸುವುದರಿಂದ ಹಿಡಿದು ಅಂಟಿಸುವವರೆಗೆ ಬಹುಪಾಲು ಕೆಲಸವನ್ನು ಮಕ್ಕಳೇ ಮಾಡಬಲ್ಲ ಮಾದರಿ ಯಾವುದಿದೆ? ಯಾವ ಕಾಗದ ಕೊಳ್ಳಬೇಕು, ಒಳಗೆ ಯಾವ ದೀಪ ಇಡಬೇಕು? ಮೇಣದಬತ್ತಿ ಬೇಡವೆಂದು ಮೊದಲೇ ತೀರ್ಮಾನಿಸಿದ್ದೇವೆ. ಮಕ್ಕಳಲ್ಲಿ ಒಬ್ಬಳು ಎಲ್ಲ ಕೆಲಸಕ್ಕೂ ಎಡಗೈ ಬಳಸುವವಳು ಎಂಬುದನ್ನೂ ತಿಳಿಸಿಬಿಡುತ್ತೇನೆ.

ಶಿಶುವಿಹಾರದ ಟೀಚರ್:

ಬಣ್ಣದ ಎ-4 ಹಾಳೆಯಲ್ಲಿ ಸೀಳುಪಟ್ಟಿಯ ಗೂಡುದೀಪ ಮಾಡಿಸಿ. ನಾಲ್ಕು ವರ್ಷದ ಕೈಗೂ ಏಳು ವರ್ಷದ ಕೈಗೂ ಹೊಂದುವ ಮಾದರಿ ಅದೇ. ಹಾಳೆಯ ಉದ್ದನೆಯ ಅಂಚುಗಳೆರಡೂ ಕೂಡುವಂತೆ ಮಡಿಸಿದರೆ ಹತ್ತೂವರೆ ಸೆಂಟಿಮೀಟರ್ ಅಗಲದ ಉದ್ದನೆಯ ಪಟ್ಟಿ ಸಿಗುತ್ತದೆ. ಅಂಚುಗಳು ಬಿಡಿಯಾಗಿರುವ ಬದಿಯಿಂದ ಎರಡೂವರೆ ಸೆಂಟಿಮೀಟರ್ ಒಳಗೆ ಒಂದು ಗೆರೆ ಎಳೆದು, ಮಡಿಕೆಯ ಬದಿಯಿಂದ ಆ ಗೆರೆಯವರೆಗೆ ಎರಡೆರಡು ಸೆಂಟಿಮೀಟರಿಗೊಂದರಂತೆ ಕತ್ತರಿಸುತ್ತ ಹೋಗಬೇಕು. ತೀರ ಚಿಕ್ಕವರಿಗೆ ಈ ಅಂತರವನ್ನು ಮೂರಕ್ಕೆ ಹೆಚ್ಚಿಸಿದರೂ ನಡೆಯುತ್ತದೆ. ಹಾಳೆಯನ್ನು ಬಿಡಿಸಿ, ಸೀಳುಗಳು ಮೇಲಿಂದ ಕೆಳಕ್ಕೆ ಬರುವಂತೆ ಕೊಳವೆಯಾಗಿ ಸುತ್ತಿ, ಕೂಡುವ ಅಂಚುಗಳನ್ನು ಒಂದರ ಮೇಲೊಂದು ಒಂದು ಸೆಂಟಿಮೀಟರಿನಷ್ಟು ಏರಿಸಿ ಅಂಟಿಸಿದರೆ ಇಪ್ಪತ್ತೊಂದು ಸೆಂಟಿಮೀಟರ್ ಎತ್ತರದ ಗೂಡು ಸಿದ್ಧವಾಗುತ್ತದೆ.

ಬಹಳ ಕಡೆ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ, ಆ ಗೂಡುಗಳು ಮರುದಿನವೇ ಸೊಂಟ ಬಿದ್ದು ಚಪ್ಪಟೆಯಾಗುತ್ತವೆ. ಒಳಗೆ ಹಳದಿ ಕಾಗದದ ಇನ್ನೊಂದು ಕೊಳವೆ ಇರಲೇಬೇಕು. ಅದರ ಸುತ್ತಳತೆ ಹೊರಗಿನದಕ್ಕೆ ಸರಿಯಾಗಿ ಒಳಗೆ ಕೂರುವಷ್ಟಿರಲಿ, ಎತ್ತರ ಮಾತ್ರ ಮೂರು ಸೆಂಟಿಮೀಟರ್ ಕಡಿಮೆ, ಅಂದರೆ ಹದಿನೆಂಟು ಇರಲಿ. ಹೊರಗಿನ ಗೂಡಿನ ಮೇಲಂಚನ್ನೂ ಕೆಳಅಂಚನ್ನೂ ಒಳಕೊಳವೆಯ ಅಂಚುಗಳಿಗೆ ಸರಿಹೊಂದಿಸಿ ಅಂಟಿಸಿದಾಗ, ಹೆಚ್ಚುವರಿಯಾದ ಆ ಮೂರು ಸೆಂಟಿಮೀಟರಿಗೆ ಬೇರೆ ದಾರಿಯಿಲ್ಲದೆ ಪಟ್ಟಿಗಳೆಲ್ಲ ಹೊರಕ್ಕೆ ಬಾಗಿ ಹೊಟ್ಟೆ ಬಿಡುತ್ತವೆ. ಮಕ್ಕಳು ಉಸಿರು ಬಿಗಿಹಿಡಿದು ನೋಡುವುದು ಇದೊಂದನ್ನೇ. ರಾತ್ರಿ ದೀಪ ಹಾಕಿದಾಗ ಹಳದಿ ಹೊಳೆಯುವುದೂ ಈ ಸೀಳುಗಳ ನಡುವಿನಿಂದಲೇ.

ಗೆರೆ ಬಂದಾಗ ಕತ್ತರಿ ನಿಲ್ಲಿಸುವುದು ಮಕ್ಕಳಿಗೆ ಕಷ್ಟದ ಸಂಗತಿ. ‘ಗೆರೆ ದಾಟಬೇಡ’ ಎಂದು ಹತ್ತು ಸಲ ಹೇಳುವ ಬದಲು ಬಿಡಿ ಅಂಚಿನ ಉದ್ದಕ್ಕೂ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಸಾಲಾಗಿ ಕಚ್ಚಿಸಿಬಿಡಿ. ಕತ್ತರಿಯ ಮೂತಿ ಕ್ಲಿಪ್ಪಿಗೆ ತಾಗಿ ತಾನಾಗಿ ನಿಲ್ಲುತ್ತದೆ, ಮಡಿಕೆಯೂ ಜಾರುವುದಿಲ್ಲ, ಯಾವ ಬದಿಯಿಂದ ಕತ್ತರಿಸಬೇಕೆಂಬ ಗೊಂದಲವೂ ಇರುವುದಿಲ್ಲ.

ಎಡಗೈಯ ಹುಡುಗಿಗೆ ಎಡಗೈಯವರ ಕತ್ತರಿಯನ್ನೇ ತರಿಸಿಕೊಡಿ. ಮೊಂಡು ಮೂತಿಯದು ಸಿಗುತ್ತದೆ. ಸಾಮಾನ್ಯ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ಒತ್ತಿದರೆ ಅಲಗುಗಳು ಒಂದಕ್ಕೊಂದು ಒತ್ತಿಕೊಳ್ಳುವ ಬದಲು ದೂರ ಸರಿಯುತ್ತವೆ, ಕಾಗದ ಕತ್ತರಿಸದೆ ನಡುವೆ ಮಡಚಿಕೊಳ್ಳುತ್ತದೆ. ಸಾಲದ್ದಕ್ಕೆ ಮೇಲಿನ ಅಲಗು ಗೆರೆಯನ್ನೇ ಮರೆಮಾಡುತ್ತದೆ. ಇದನ್ನು ತಿಳಿಯದ ದೊಡ್ಡವರು ಮಗುವಿನ ಕೈಗೇ ಚುರುಕಿಲ್ಲವೆಂದು ಹೇಳಿಬಿಡುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಅಂಟಿಗೆ ಮೈದಾ ಸಾಕು. ಒಂದು ಅಳತೆ ಹಿಟ್ಟನ್ನು ಐದು ಅಳತೆ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಸಣ್ಣ ಉರಿಯಲ್ಲಿ ಮಗುಚುತ್ತ ಪಾರಕವಾಗುವವರೆಗೆ ಕಾಯಿಸಿ, ಪೂರ್ತಿ ಆರಿದ ಮೇಲೆ ಮಕ್ಕಳ ಮುಂದಿಡಿ. ಹುಳ ಹಿಡಿಯದಿರಲೆಂದು ಪುಸ್ತಕದ ರಟ್ಟು ಕಟ್ಟುವವರು ಇದಕ್ಕೆ ಮೈಲುತುತ್ತ ಸೇರಿಸುವುದುಂಟು. ಅದು ವಿಷ, ಬೆರಳು ಬಾಯಿಗಿಡುವ ವಯಸ್ಸಿನವರ ಅಂಟಿಗೆ ಅದು ಕೂಡದು. ಆಯಾ ದಿನಕ್ಕೆ ಬೇಕಾದಷ್ಟನ್ನೇ ಕಾಯಿಸಿಕೊಂಡರಾಯಿತು, ಈ ಸೆಕೆಗೆ ಅದು ಹೇಗೂ ಮರುದಿನಕ್ಕೆ ಹುಳಿ ವಾಸನೆ ಹಿಡಿಯುತ್ತದೆ.

ಕಡಲತಡಿ:

ಟೀಚರ್ ಹೇಳಿದ ಮಾದರಿ ಚೆನ್ನಾಗಿದೆ, ಆದರೆ ಎ-4 ಹಾಳೆ ಬೆಳಕನ್ನು ಅಷ್ಟಾಗಿ ಹೊರಬಿಡುವುದಿಲ್ಲವೆಂಬುದು ನನ್ನ ಆಕ್ಷೇಪ. ನಮ್ಮ ಮಂಗಳೂರಿನ ಕಡೆ ದೀಪಾವಳಿಗೆ ಗೂಡುದೀಪದ ಸ್ಪರ್ಧೆಗಳೇ ನಡೆಯುತ್ತವೆ. ಅಲ್ಲಿ ಗೆಲ್ಲುವ ಗೂಡುಗಳನ್ನು ಹತ್ತಿರದಿಂದ ನೋಡಿದವರಿಗೆ ಅವುಗಳ ಜೀವ ಇರುವುದು ತೆಳು ಕಾಗದದಲ್ಲಿ ಎಂಬುದು ತಿಳಿಯುತ್ತದೆ. ಗಾಳಿಪಟದ ಕಾಗದವನ್ನು ಚಿಕ್ಕ ಮಕ್ಕಳು ಕತ್ತರಿಸಲಾರರು ನಿಜ, ಆದರೆ ಹರಿಯಬಲ್ಲರು. ಬೆರಳಗಲದ ಚೂರುಗಳಾಗಿ ಹರಿದು, ಒಳಕೊಳವೆಯ ಹಾಳೆಯಲ್ಲಿ ದೊಡ್ಡವರು ಮೊದಲೇ ಕೊರೆದಿಟ್ಟ ಕಿಟಕಿಗಳ ಮೇಲೆ ಅಂಟಿಸಲು ಬಿಡಿ. ಕೆಂಪಿನ ಮೇಲೆ ಹಳದಿ ಬಿದ್ದ ಕಡೆ ಕಿತ್ತಳೆ ಬಣ್ಣ ಕಾಣುವುದನ್ನು ಅವರೇ ಕಂಡುಕೊಳ್ಳಲಿ. ಈ ಕೆಲಸಕ್ಕೆ ಕೂರುವ ಮುನ್ನ ಫ್ಯಾನ್ ಆರಿಸಬೇಕು, ಇಲ್ಲವಾದರೆ ಚೂರುಗಳೆಲ್ಲ ಮಂಚದಡಿಗೆ ಹಾರಿಹೋಗುತ್ತವೆ. ಫ್ಯಾನಿಲ್ಲದೆ ಮಧ್ಯಾಹ್ನ ಕೂರಲಾಗದು, ಆದ್ದರಿಂದ ಬೆಳಗಿನ ತಂಪು ಹೊತ್ತನ್ನೇ ಆರಿಸಿಕೊಳ್ಳಿ.

ತೆಳು ಕಾಗದ ಸಿಗದಿದ್ದರೆ ಬಿಳಿ ಹಾಳೆಯ ಮೇಲೆ ಮೇಣದ ಬಣ್ಣದ ಕಡ್ಡಿಯಿಂದ ಚಿತ್ರ ಬರೆಸಿ, ಹಿಂಬದಿಗೆ ಹತ್ತಿಯಲ್ಲಿ ಕೊಬ್ಬರಿ ಎಣ್ಣೆ ಸವರಿ. ನಾರುಗಳ ನಡುವಿನ ಗಾಳಿಯ ಜಾಗವನ್ನು ಎಣ್ಣೆ ತುಂಬಿಕೊಳ್ಳುವುದರಿಂದ ಬೆಳಕು ಚದುರದೆ ದಾಟಿ ಬಂದು, ಚಿತ್ರ ಗಾಜಿನ ಮೇಲೆ ಬರೆದಂತೆ ಕಾಣುತ್ತದೆ. ಅಂಟಿಸುವ ಅಂಚುಗಳಿಗೆ ಮಾತ್ರ ಎಣ್ಣೆ ತಾಗಬಾರದು, ತಾಗಿದರೆ ಯಾವ ಅಂಟೂ ಹಿಡಿಯುವುದಿಲ್ಲ. ಎಣ್ಣೆ ಕುಡಿದ ಕಾಗದಕ್ಕೆ ಬೆಂಕಿ ಬಹುಬೇಗ ತಗಲುವುದರಿಂದ ಇದರ ಹತ್ತಿರ ಊದುಬತ್ತಿಯನ್ನೂ ತರಬೇಡಿ.

ಗಾಳಿಗೆ ಗೂಡು ಗಿರಗಿರನೆ ತಿರುಗದಿರಲು ಒಂದೇ ದಾರದ ಬದಲು ಎದುರುಬದುರಾಗಿ ಎರಡು ದಾರ ಕಟ್ಟಿ. ಬಾಯಿಯ ಆಕಾರ ಉಳಿಯಲು ಮೇಲಂಚಿನ ಒಳಗೆ ಹಿಡಿಸೂಡಿಯ ಕಡ್ಡಿಯೊಂದನ್ನು ಬಳೆಯಂತೆ ಬಾಗಿಸಿ ಅಂಟಿಸಿದರೆ ಸಾಕು. ಬಿದಿರಿನ ಸೀಳು ಮಕ್ಕಳ ಬೆರಳಿಗೆ ಚುಚ್ಚುತ್ತದೆ, ಇದು ಚುಚ್ಚುವುದಿಲ್ಲ.

ಬೇಸಿಗೆಯಲ್ಲಿ ಗೂಡುದೀಪವೇ ಎಂದು ವಠಾರದಲ್ಲಿ ಯಾರಾದರೂ ಹುಬ್ಬೇರಿಸಿದರೆ, ಶ್ರೀಲಂಕಾದಲ್ಲಿ ವೈಶಾಖ ಹುಣ್ಣಿಮೆಗೆ, ಅಂದರೆ ಮೇ ತಿಂಗಳಲ್ಲಿ, ಮನೆಮನೆಯ ಮುಂದೆ ಇವನ್ನು ತೂಗುಹಾಕುತ್ತಾರೆಂದು ಹೇಳಿ. ಅಲ್ಲಿನ ಎಂಟು ಮೂಲೆಯ ‘ಅಟಪಟ್ಟಮ’ವನ್ನು ಬಿದಿರು ಕಡ್ಡಿಯಿಂದಲೂ ತೆಳು ಕಾಗದದಿಂದಲೂ ಮಾಡುತ್ತಾರೆ, ನೋಡಿದರೆ ನಮ್ಮ ಗೂಡುದೀಪದ ದಾಯಾದಿಯೇ.

ತಂತಿಕೆಲಸ:

ಬೆಳಕಿನ ವಿಷಯಕ್ಕಷ್ಟೇ ಉತ್ತರಿಸುತ್ತೇನೆ. ಅಂಗಡಿಗಳಲ್ಲಿ ಸಿಗುವ ಮೇಣದಬತ್ತಿಯಾಕಾರದ ಪುಟ್ಟ ಎಲ್‌ಇಡಿ ದೀಪಗಳು ನೋಡಲು ಮುದ್ದಾಗಿವೆ, ಆದರೆ ಅವುಗಳಲ್ಲಿ ಬಹಳಷ್ಟರ ತಳದಲ್ಲಿ ಸಿಆರ್ 2032 ಎಂಬ ನಾಣ್ಯದಂಥ ಬ್ಯಾಟರಿ ಇರುತ್ತದೆ. 20 ಮಿಲಿಮೀಟರ್ ಅಗಲದ ಈ ಬಿಲ್ಲೆಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೋಡೆ ಸುಟ್ಟ ಗಾಯವಾಗಬಲ್ಲದು. ನುಂಗಿದ ಸಂಶಯ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಮುಚ್ಚಳಕ್ಕೆ ಸ್ಕ್ರೂ ಇಲ್ಲದ ದೀಪವನ್ನು ದಯವಿಟ್ಟು ಮಕ್ಕಳಿರುವ ಕಡೆ ತರಬೇಡಿ. ಗೋಡೆಯ ಪ್ಲಗ್ಗಿಗೆ ಚುಚ್ಚುವ ಸೀರಿಯಲ್ ಸೆಟ್ಟೂ ತಾರಸಿಗೆ ಬೇಡ. ಅದು 230 ವೋಲ್ಟಿನ ವ್ಯವಹಾರ, ಮೇಲಾಗಿ ಅಶ್ವಿನಿ, ಭರಣಿ ಮಳೆಗಳು ಹೇಳಿ ಕೇಳಿ ಬರುವುದಿಲ್ಲ.

ಮೂರು ಪೆನ್ಸಿಲ್ ಸೆಲ್ ಹಾಕುವ, ತೆಳು ತಾಮ್ರದ ತಂತಿಯ ಎಲ್‌ಇಡಿ ಸರವನ್ನು ಕೊಳ್ಳಿ. ಒಟ್ಟು ನಾಲ್ಕೂವರೆ ವೋಲ್ಟ್ ಆದ್ದರಿಂದ ಮಕ್ಕಳು ಮುಟ್ಟಿದರೂ ಅಪಾಯವಿಲ್ಲ, ಕಾಗದ ಬಿಸಿಯಾಗುವುದೂ ಇಲ್ಲ. ಹತ್ತು ಮೀಟರಿಗೆ ನೂರು ದೀಪಗಳಿರುವ ಸರ ನಿಮಗೆ ಸರಿಯಾಗುತ್ತದೆ: ಪ್ರತಿ ಗೂಡಿನೊಳಗೆ ಆರು ದೀಪಗಳಷ್ಟು ತಂತಿಯನ್ನು ಸುರುಳಿ ಮಾಡಿ ಇಳಿಬಿಟ್ಟರೆ ಎಂಟು ಗೂಡುಗಳಿಗೆ ಸುಮಾರು ಐದು ಮೀಟರ್ ಮುಗಿದು, ಉಳಿದ ಐದು ಮೀಟರಿನಲ್ಲಿ ಗೂಡಿನಿಂದ ಗೂಡಿಗೆ ಎರಡಡಿಯ ಅಂತರ ಬರುತ್ತದೆ. ಭಾರವನ್ನು ಈ ತಂತಿಯ ಮೇಲೆ ಹೊರಿಸದೆ, ಮೊದಲು ನೈಲಾನ್ ಹಗ್ಗ ಎಳೆದು ಗೂಡುಗಳನ್ನು ಅದಕ್ಕೆ ಕಟ್ಟಿರಿ. ಯುಎಸ್‌ಬಿ ಸರವನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಲೂಬಹುದು, ಆದರೆ ಎಳೆಯುವ ವಿದ್ಯುತ್ತು ತೀರ ಕಡಿಮೆಯಾದಾಗ ಹಲವು ಪವರ್ ಬ್ಯಾಂಕುಗಳು ತಾವಾಗಿಯೇ ಆರಿಹೋಗುತ್ತವೆ, ಹಿಂದಿನ ದಿನವೇ ಹಚ್ಚಿ ನೋಡಿಕೊಳ್ಳಿ.

ತಾರಸಿಮನೆ:

ಮೂವರಿಗೂ ಧನ್ಯವಾದಗಳು. ಕ್ಲಿಪ್ಪಿನ ಉಪಾಯವೂ ದೀಪದ ಸರದ ಲೆಕ್ಕವೂ ಬಹಳ ಉಪಯೋಗಕ್ಕೆ ಬಂದವು. ಎಡಗೈಯವರ ಕತ್ತರಿಯನ್ನು ಇವತ್ತೇ ತರಿಸುತ್ತಿದ್ದೇನೆ. ಒಂದು ಸಂದೇಹ ಉಳಿದಿದೆ. ಬಲೂನಿನ ಮೇಲೆ ಕಾಗದದ ಚೂರುಗಳನ್ನು ಅಂಟಿಸಿ, ಒಣಗಿದ ಮೇಲೆ ಬಲೂನನ್ನು ಒಡೆದು ತೆಗೆಯುವ ದುಂಡು ಗೂಡುದೀಪವನ್ನು ದೊಡ್ಡ ಹುಡುಗರು ಕೇಳುತ್ತಿದ್ದಾರೆ. ಅದನ್ನು ಇದೇ ಕೂಟದಲ್ಲಿ ಮಾಡಿಸಬಹುದೇ?

ಶಿಶುವಿಹಾರದ ಟೀಚರ್:

ನಾಲ್ಕು ವರ್ಷದವರು ಕೂತಿರುವ ಕೋಣೆಯಲ್ಲಿ ಬೇಡವೆಂದೇ ಹೇಳುತ್ತೇನೆ. ಒಡೆದ ಬಲೂನಿನ ಚೂರು ಗಂಟಲಿಗೆ ಅಂಟಿಕೊಂಡರೆ ಉಸಿರೇ ಕಟ್ಟುತ್ತದೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಅದು ಅಪಾಯವೆಂದು ಬಲೂನಿನ ಪೊಟ್ಟಣಗಳ ಮೇಲೆಯೇ ಎಚ್ಚರಿಕೆ ಬರೆದಿರುತ್ತಾರೆ. ಆರೇಳು ವರ್ಷದವರಿಗೆ ಪ್ರತ್ಯೇಕವಾಗಿ, ದೊಡ್ಡವರೊಬ್ಬರು ಪಕ್ಕದಲ್ಲೇ ಇದ್ದು, ಬಲೂನು ಊದುವುದನ್ನೂ ಒಡೆಯುವುದನ್ನೂ ತಾವೇ ಮಾಡಿ, ಚೂರುಗಳನ್ನು ಎಣಿಸಿ ಎತ್ತಿಡುವುದಾದರೆ ಮಾಡಿಸಿ. ಮೂರು ಪದರ ಅಂಟಿಸಿದ ಮೇಲೆ ನೆರಳಿನಲ್ಲೇ ಒಣಗಿಸಬೇಕು. ಬಿಸಿಲಿಗಿಟ್ಟರೆ ಒಳಗಿನ ಗಾಳಿ ಹಿಗ್ಗಿ ಕಾಗದ ಗಟ್ಟಿಯಾಗುವ ಮೊದಲೇ ಬಲೂನು ಒಡೆಯುತ್ತದೆ. ನೆರಳಿನಲ್ಲಿ ಒಂದು ಇಡೀ ದಿನ ಹಿಡಿಯುವುದರಿಂದ, ಶನಿವಾರದ ಊಟಕ್ಕೆ ಬೇಕಾದರೆ ಗುರುವಾರವೇ ಅಂಟಿಸಲು ಕೂರಿ.