ಯುದ್ಧ ಮುಗಿದ ಮೇಲೆ ಮೊದಲು ಏನು ಕಟ್ಟಬೇಕು?

ಪ್ರಶ್ನೆ: ಯುದ್ಧದಲ್ಲಿ ನೆಲಸಮವಾದ ಊರನ್ನು ಮತ್ತೆ ಕಟ್ಟುವಾಗ ಮನೆಗಳಿಂದಲೇ ಶುರು ಮಾಡಬೇಕು ಅಲ್ವಾ? ಗೋಡೆ ಎದ್ದರೆ ಜನ ತಾವಾಗಿಯೇ ವಾಪಸ್ ಬರುತ್ತಾರಾ?

ಉತ್ತರ 1: ಮನೆಗಿಂತ ಮೊದಲು ನೆಲ ನೋಡಬೇಕು. ಸಿಡಿಯದ ಬಾಂಬುಗಳನ್ನು ತೆಗೆಯದೆ ಪಾಯ ತೋಡುವ ಹಾಗಿಲ್ಲ. ಜರ್ಮನಿಯಲ್ಲಿ ಎರಡನೇ ಮಹಾಯುದ್ಧದ ಬಾಂಬುಗಳು ಇವತ್ತಿಗೂ ಸಿಗುತ್ತಿವೆ. 1945ರ ನಂತರ ಅಲ್ಲಿನ ಹೆಂಗಸರು ಸಾಲಾಗಿ ನಿಂತು, ಬಕೆಟ್‌ಗಳನ್ನು ಕೈಯಿಂದ ಕೈಗೆ ದಾಟಿಸಿ ಕಲ್ಲುಮಣ್ಣು ಹೊರಹಾಕಿದರು, ಒಂದೊಂದೇ ಇಟ್ಟಿಗೆಗೆ ಅಂಟಿದ ಗಾರೆಯನ್ನು ಸುತ್ತಿಗೆಯಿಂದ ಕೆತ್ತಿ ಮತ್ತೆ ಬಳಸೋಕೆ ಜೋಡಿಸಿಟ್ಟರು. ಆ ಫೋಟೋಗಳನ್ನು ನೋಡಿದರೆ ಈಗಲೂ ಗಂಟಲು ಕಟ್ಟುತ್ತದೆ.

ಉತ್ತರ 2: ಹಳೇ ರೂಪದಲ್ಲೇ ಕಟ್ಟುವುದನ್ನು ಸುಮ್ನೆ ಹಠ ಅನ್ನಬೇಡಿ. ಎರಡನೇ ಮಹಾಯುದ್ಧದಲ್ಲಿ ನೆಲಸಮವಾದ, ಪೋಲೆಂಡ್ ರಾಜಧಾನಿ ವಾರ್ಸಾದ ಹಳೇ ಪೇಟೆಯನ್ನು 18ನೇ ಶತಮಾನದ ಚಿತ್ರಗಳನ್ನು ನೋಡಿಕೊಂಡು ಕಟ್ಟಿದರು. 1980ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರಿತು.

ಉತ್ತರ 3: ಬೋಸ್ನಿಯಾದ ಮೋಸ್ತಾರ್ ಊರಿನ ಹಳೇ ಸೇತುವೆ ಅಲ್ಲಿನ ಯುದ್ಧದಲ್ಲಿ, 1993ರಲ್ಲಿ ಬಿತ್ತು, 2004ರಲ್ಲಿ ಮತ್ತೆ ನಿಂತಿತು. ಆದರೆ ಆಮೇಲೂ ಅಲ್ಲಿ ಯುದ್ಧದಲ್ಲಿ ಕಾದಾಡಿದ್ದ ಬೋಸ್ನಿಯಾಕ್ ಮತ್ತು ಕ್ರೊವಾಟ್ ಎಂಬ ಎರಡು ಸಮುದಾಯಗಳ ಮಕ್ಕಳು ಬೇರೆ ಬೇರೆ ಪಠ್ಯ ಓದುತ್ತಿದ್ದರು. ಬೋಸ್ನಿಯಾ ಯುದ್ಧವನ್ನು ನಿಲ್ಲಿಸಿದ 1995ರ ಡೇಟನ್ ಶಾಂತಿ ಒಪ್ಪಂದ ಮನೆ ವಾಪಸ್ ಪಡೆಯುವ ಹಕ್ಕನ್ನೇನೋ ಕೊಟ್ಟಿತು, ಆದರೂ ಪಕ್ಕದ ಮನೆಯವರ ಮೇಲೆ ನಂಬಿಕೆ ಬಾರದೆ, ಕೆಲಸವೂ ಸಿಗದೆ, ಬೀಗದ ಕೈ ಪಡೆದವರಲ್ಲೇ ಎಷ್ಟೋ ಜನ ಮನೆ ಮಾರಿ ಹೊರಟುಹೋದರು.